ಚತುರ್ದಶಿಯ ದಿನ ಹಸಿರು ಟೀ

ಚನ್ನರಾಯಪಟ್ಟಣಕ್ಕೆ ಹಸಿರು ಟೀಯನ್ನು ಪರಿಚಯಿಸುವ ಮಹಾಪುರುಷ ನಾನೇ ಆಗಬೇಕೆಂದು ಅರವತ್ತೆರಡನೇ ಇಸವಿಯಲ್ಲಿ ತೀರ್ಮಾನಿಸಿದೆ. ಅಂಥದೊಂದು ಪದಾರ್ಥ ಪ್ರಪಂಚದಲ್ಲಿದೆಯೆಂಬುದೇ ಹಿಂದಿನ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಮಹಾಪುರುಷರಿಗೆ ಅದೆಲ್ಲ ಒಂದು ಅಡ್ಡಿಯೇ!

ನಮ್ಮ ವ್ಯವಸಾಯ ಇಲಾಖೆಯ ಸಾಹೇಬರಾದ ಪಂಚಾಕ್ಷರಯ್ಯನವರು ಭತ್ತದ ನಾಟಿಯ ಹೊಸ ಪದ್ಧತಿ ಕಲಿಯಲು ಜಪಾನಿಗೆ ಹೋಗಿದ್ದವರು, ಬರುವಾಗ ಹಸಿರು ಟೀ ತಂದಿದ್ದರು. ನನಗೊಂದು ಡಬ್ಬಿ, ನನ್ನ ಜೊತೆ ಕೆಲಸ ಮಾಡುವ ಪಾಪಯ್ಯನಿಗೊಂದು ಡಬ್ಬಿ. ಮುಂದಿನ ಸಲ ಜಪಾನಿಗೆ ಹೋಗುವವನು ನಮ್ಮಿಬ್ಬರಲ್ಲಿ ಒಬ್ಬ. ಆ ಒಬ್ಬ ಯಾರೆಂದು ಹೇಳುವವರು ಸಾಹೇಬರು. ಭಾನುವಾರ ಸಂಜೆ ಇಬ್ಬರ ಮನೆಗೂ ಬಂದು ಟೀ ಕುಡಿಯುತ್ತೇನೆ, ಆಮೇಲೆ ಹೇಳುತ್ತೇನೆ ಎಂದರು.

ಕುಡಿಯುವ ಕ್ರಮವನ್ನೂ ಬೋಧಿಸಿದರು. ಒಂದು ಚಿಟಿಕೆ ಎಲೆ ಸಾಕು. ನೀರು ಬಿಸಿಯಾಗಿರಬೇಕು, ಆದರೆ ಕುದಿಯಬಾರದು. ಕುದಿಯುವ ನೀರು ಹಾಕಿದರೆ ಕಹಿ. ಹಾಲು ಹಾಕುವುದು ತಪ್ಪು, ಸಕ್ಕರೆ ಹಾಕುವುದು ಮಹಾಪರಾಧ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಪರಿಮಳ ನೋಡಿ, ಆಮೇಲೆ ಸುರ್ರೆಂದು ಸದ್ದು ಮಾಡುತ್ತ ಹೀರಬೇಕು. ಕಾನ್ವೆಂಟಿನ ಸಿಸ್ಟರುಗಳು ಸದ್ದಿಲ್ಲದೆ ಕುಡಿಯುವುದನ್ನು ಕಲಿಸಲು ಇಡೀ ಬಾಲ್ಯ ನನ್ನ ಬೆನ್ನು ಹತ್ತಿದ್ದರು. ಆ ವಿದ್ಯೆಯೆಲ್ಲ ಒಂದೇ ಗುಟುಕಿಗೆ ಗೋವಿಂದ!

ಭಾನುವಾರ ಮಧ್ಯಾಹ್ನ ಡಬ್ಬಿ ಹಿಡಿದು ಅಡುಗೆಮನೆಗೆ ದಂಡೆತ್ತಿ ಹೋದೆ. ನಮ್ಮಮ್ಮ ಅನಂತಮ್ಮನವರು ಹೊಸ್ತಿಲಲ್ಲೇ ತಡೆದರು.

"ಏನೋ ಅದು?"

"ಹಸಿರು ಟೀ ಅಮ್ಮ. ಸಾಹೇಬರಿಗೆ."

"ಇವತ್ತು ಚತುರ್ದಶಿ ಕಣೋ."

ನಮ್ಮದು ಜೈನರ ಮನೆ. ಅಷ್ಟಮಿ, ಚತುರ್ದಶಿಗಳಲ್ಲಿ ಸೊಪ್ಪಿಲ್ಲ, ಹಸಿರು ತರಕಾರಿಯಿಲ್ಲ, ಕೊತ್ತಂಬರಿಯ ಒಂದು ಎಸಳೂ ಒಲೆಯ ಬಳಿ ಸುಳಿಯುವಂತಿಲ್ಲ.

"ಇದು ಒಣಗಿದ ಎಲೆ" ಎಂದೆ.

"ಒಣಗಿದ್ದನ್ನ ಹಸಿರು ಅಂತ ಯಾಕೆ ಕರೀತಾರೆ?"

"ಅದು ಬರೀ ಹೆಸರು."

"ಎಲ್ಲಿ, ತೆಗಿ."

ತೆಗೆದೆ. ಈಗತಾನೇ ಗಿಡದಿಂದ ಇಳಿದು ಬಂದಂತೆ ಎಲೆ ಹಚ್ಚಹಸಿರಾಗಿ ಕೂತಿತ್ತು! ಅಮ್ಮ ನನ್ನ ಮುಖ ನೋಡಿದರು. ನಾನು ಡಬ್ಬಿಯ ಮುಖ ನೋಡಿದೆ. ಮುಟ್ಟಿದರೆ ಒಣಗಿದ್ದು, ನೋಡಿದರೆ ಹಸಿರು. ಹಸಿರೂ ಹೌದು, ಹಸಿಯಂತೂ ಅಲ್ಲ. ನಂಬುವುದು ಬೆರಳನ್ನೋ, ಕಣ್ಣನ್ನೋ?

ಇಂಥ ವಿಷಯಗಳಲ್ಲಿ ನಮ್ಮ ಬೀದಿಗೆ ಕೊನೆಯ ಮಾತು ಶಾಂತರಾಜಯ್ಯನವರದು. ಓಡಿದೆ. ಒಣಗಿದ್ದಾದರೆ ಅಡ್ಡಿಯಿಲ್ಲವೆಂದರು. ಡಬ್ಬಿಯೊಳಗೆ ಬಗ್ಗಿ ನೋಡಿ, ಅಡ್ಡಿಯಿದೆಯೆಂದರು. ಬೆರಳಲ್ಲಿ ಪುಡಿ ಮಾಡಿ, ಇಲ್ಲವೆಂದರು. ಕಡೆಗೆ ಕನ್ನಡಕ ಒರೆಸಿಕೊಂಡು, "ನಿಮ್ಮ ಸಾಹೇಬರು ನಾಳೆ ಬಂದ್ರಾಗಲ್ವೇನಪ್ಪ?" ಎಂದರು. ಒಂದು ಗೊಂದಲ ಹೊತ್ತು ಹೋದವನು ಎರಡು ಹೊತ್ತು ಬಂದೆ.

ನನ್ನ ಹೆಂಡತಿ ರಾಜೀಮತಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು:

"ಕಾಫಿಬೀಜನೂ ಮೊದ್ಲು ಹಸಿರಾಗೇ ಇರುತ್ತಲ್ರೀ. ಹುರಿದಮೇಲೆ ಅದನ್ನ ಯಾರು ಹಸಿರು ಅಂತಾರೆ?"

ಅಮ್ಮ ಕೂಡಲೇ ಹಸಿರು ನಿಶಾನೆ ತೋರಿಸಿದರು. ಬಾಣಲೆ ಒಲೆಯೇರಿತು. ಹುರಿಯಬೇಡಿ ಎಂದು ಸಾಹೇಬರು ಹೇಳಿರಲಿಲ್ಲ, ನಿಜ. ಟೀ ಎಲೆಯನ್ನು ಯಾರಾದರೂ ಹುರಿದಾರೆಂದು ಅವರಿಗೆ ಹೊಳೆದಿದ್ದರಲ್ಲವೇ! ಎಲೆ ಕಂದಿತು, ಕಂದುಬಣ್ಣಕ್ಕೆ ತಿರುಗಿತು, ನನ್ನ ಜಪಾನು ಹೊಗೆಯಾಗಿ ಗವಾಕ್ಷಿಯಿಂದ ಹಾರಿಹೋಯಿತು. ನೀರನ್ನಾದರೂ ಕುದಿಸಬೇಡಿ ಎಂದು ಅಂಗಲಾಚಿದೆ. ಬಟ್ಟೆಯಲ್ಲಿ ಶೋಧಿಸಿ ಕುದಿಸದ ನೀರನ್ನು ಈ ಮನೆಯಲ್ಲಿ ಯಾರಿಗೆ ಕೊಟ್ಟಿದ್ದೇವೆ ಎಂದು ಅಮ್ಮ ಕೇಳಿದರು. ನೀರು ಕೊತಕೊತ ಕುದಿಯಿತು. ನಾನೂ ಕುದ್ದೆ.

ಅಷ್ಟರಲ್ಲಿ ಜೀಪಿನ ಸದ್ದು. ಸಾಹೇಬರು ಪಾಪಯ್ಯನ ಮನೆ ಮುಗಿಸಿಕೊಂಡೇ ಬಂದಿದ್ದರು. ಅಲ್ಲಿ ಹಾಲು, ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದ್ದರಂತೆ. "ಪಾಯಸಕ್ಕೆ ಶ್ಯಾವಿಗೆ ಒಂದು ಕಮ್ಮಿ ಕಣ್ರೀ" ಎಂದು ನಿಟ್ಟುಸಿರಿಟ್ಟರು. ನನಗೆ ಮರಳಿ ಜೀವ ಬಂತು. ಆದರೆ ನಮ್ಮ ಬಟ್ಟಲು ಬಂದದ್ದೇ ಆ ಜೀವ ಮತ್ತೆ ಹೋಯಿತು. ಅದರಲ್ಲಿದ್ದದ್ದು ಹಸಿರೂ ಅಲ್ಲ, ಟೀಯೂ ಅಲ್ಲ. ಮಳೆಗಾಲದ ಹೇಮಾವತಿಯ ಬಣ್ಣ!

ಸಾಹೇಬರು ಪರಿಮಳ ನೋಡಿದರು. ಸುರ್ರೆಂದು ಹೀರಿದರು. ಕಣ್ಣು ಮುಚ್ಚಿ ಕೂತರು. ಕ್ಷಮಾಪಣೆಯ ಮೊದಲ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಜಿನದತ್ತ, ಇದನ್ನ ಹುರಿದಿದ್ದೀರಾ?"

"ಸಾ, ಅದು..."

"ನಾನಿದ್ದ ಹಳ್ಳೀಲಿ ರೈತರ ಮನೇಲಿ ಹೀಗೇ ಹುರಿದು, ಕುದಿಯೋ ನೀರು ಹಾಕಿ ಕೊಡ್ತಿದ್ರು. ಅದನ್ನ ಹೇಳೋದೇ ಮರೆತಿದ್ದೆ. ನಿಮಗೆ ಹೇಗೆ ಗೊತ್ತಾಯ್ತು?"

ಬಾಗಿಲ ಹಿಂದೆ ರಾಜೀಮತಿಯ ಬಳೆ ಸದ್ದಾಯಿತು. ಅವಳು ಬಾಯಿ ತೆರೆಯುವ ಮೊದಲು ನಾನು ತೆರೆದೆ. "ಓದ್ಕೊಂಡಿದ್ದೆ ಸಾ" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಜಪಾನೀಯರ ಟೀ, ಅವರ ನಾಟಿ, ಹಗ್ಗ ಹಿಡಿದು ಸಾಲು ಇಡುವ ರೀತಿ, ಗೊಬ್ಬರ, ಅವರು ಬಗ್ಗಿ ನಮಸ್ಕರಿಸುವ ಕೋನ, ಎಲ್ಲವನ್ನೂ ಅಲ್ಲೇ ಹುಟ್ಟಿ ಬೆಳೆದವನಂತೆ ವರ್ಣಿಸಿದೆ. ಸಾಹೇಬರು ಬೆರಗಾಗಿ ತಲೆದೂಗಿದರು. ಬಟ್ಟಲು ಬರಿದಾದ ಮೇಲೆ ಎದ್ದು, ನನ್ನ ಭುಜದ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಯಾರನ್ನ ಕಳಿಸೋದು ಅಂತ ಒದ್ದಾಡ್ತಿದ್ದೆ, ಈಗ ನಿರಾಳ ಆಯ್ತು. ಪಾಪಯ್ಯನೇ ಹೋಗಲಿ. ನಿಮಗೆ ಅಲ್ಲಿ ಕಲಿಯೋದು ಏನೂ ಉಳಿದಿಲ್ಲ."

ಜೀಪು ಹತ್ತಿದವರು ಏನೋ ನೆನಪಾಗಿ ತಿರುಗಿದರು.

"ಹಾಂ, ಹೊರಡೋ ತನಕ ಅವರಿಗೆ ನೀವೇ ಒಂದಿಷ್ಟು ಪಾಠ ಹೇಳಿ. ಪಾಪ, ಟೀ ಕಾಯಿಸೋಕೂ ಬರಲ್ಲ."