ಜಟಕಾ ಮೈಕಿನವನು ಚರ್ಚಿಗೆ ಬಂದದ್ದು

ನನ್ನ ಬಾಯಿಂದ ಆದ ಫಜೀತಿಗಳು ಒಂದೆರಡಲ್ಲ. ಒಂದು ಮುಗೀತಪ್ಪ ಅಂತ ಉಸಿರು ಬಿಡೋದ್ರೊಳಗೆ ಇನ್ನೊಂದು ತಯಾರಾಗಿರ್ತಿತ್ತು. ಚರ್ಚಿಗೆ ಸೇರಿದ ಮೇಲಾದ್ರೂ ಕಡಿಮೆ ಆದೀತು ಅಂದ್ಕೊಂಡಿದ್ದೆ. ಜಾಸ್ತಿನೇ ಆದ್ವು.

ಎಪ್ಪತ್ತರ ದಶಕದ ಕೊನೇ ಭಾಗ. ನಾನು ದಾವಣಗೆರೆಯ ಒಂದು ಟಾಕೀಸಿನ ಪ್ರಚಾರದವನು. ಜಟಕಾದ ಎರಡೂ ಕಡೆ ಸಿನಿಮಾ ಬೋರ್ಡು, ನೆತ್ತಿ ಮೇಲೆ ಮೈಕಿನ ಹಾರ್ನು, ಒಳಗೆ ನಾನು. ಎಡಗೈಲಿ ಮೈಕು ಹಿಡಿದು, ಬಲಗೈಲಿ ಜಟಕಾದ ಹಲಗೆ ಮೇಲೆ ತಾಳ ಬಡೀತಾ, ಉಸಿರು ಬಿಡದೆ ಶುರು ಹಚ್ಕೊಂತಿದ್ದೆ:

“ಅಣ್ಣ ತಮ್ಮ ಜಗಳ ನೋಡಿ, ಅತ್ತೆ ಸೊಸೆಯ ಕದನ ನೋಡಿ,
ಒಂದೆ ಚೀಟಿ ಕೊಂಡು ಬಂದು ಎರಡು ಬಾರಿ ಅತ್ತು ನೋಡಿ!”

ಅದು ಹಾಡೂ ಅಲ್ಲ, ಭಾಷಣವೂ ಅಲ್ಲ. ಈಗಿನ ಹುಡುಗ್ರು ಅದಕ್ಕೆ ರ್ಯಾಪ್ ಅಂತಾರಂತೆ. ನಮ್ಮ ಕಾಲದಲ್ಲಿ ಮಂದಿ ಅದನ್ನ ವಟವಟ ಅಂತಿದ್ರು, ಅಷ್ಟೇ.

ಕತೆ ಏನ್ರಿ?

ಒಂದಿನ ಚರ್ಚಿನ ಅಯ್ಯನೋರು ನನ್ನ ಹುಡುಕ್ಕೊಂಡು ಮಂಡಿಪೇಟೆಗೆ ಬಂದ್ರು. ಬಿಳಿ ನಿಲುವಂಗಿ, ಕೈಲಿ ಛತ್ರಿ, ಮೆಲ್ಲನೆ ಮಾತು. ಹರಿಹರದಲ್ಲಿ ಹೊಳೆ ದಂಡೆ ಬಯಲಲ್ಲಿ ಮೂರು ದಿನ ಸುವಾರ್ತೆ ಕೂಟ ಐತೆ, ಊರೂರಿಗೆ ಸಾರಬೇಕು ಅಂದ್ರು.

ನಮ್ಮನೇಲಿ ಯಾರೂ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ನಂಗೆ ಅದರ ತಲೆಬುಡ ಗೊತ್ತಿರಲಿಲ್ಲ. ಆದ್ರೆ ನಾನು ಕತೆ ಕೇಳದೆ ಯಾವುದನ್ನೂ ಕೂಗಿದವನಲ್ಲ.

“ಕತೆ ಏನ್ರಿ ಅಯ್ಯನೋರೇ?” ಅಂದೆ.

ಪಾಪ, ರಸ್ತೆ ಬದಿ ಕಟ್ಟೆ ಮೇಲೆ ಕೂತ್ಕೊಂಡು ಹೇಳಿದ್ರು. ದನದ ಕೊಟ್ಟಿಗೇಲಿ ಹುಟ್ಟಿದ್ದು, ರೋಗಿಗಳನ್ನ ಗುಣ ಮಾಡಿದ್ದು, ಜತೇಲಿ ಉಂಡವನೇ ಹಿಡಿದುಕೊಟ್ಟದ್ದು, ಶಿಲುಬೆಗೆ ಹಾಕಿದ್ದು. ನಾನು ಬಾಯಿ ತೆರ್ಕೊಂಡು ಕೇಳ್ತಿದ್ದೆ.

“ಅಯ್ಯೋ! ಅಷ್ಟು ಒಳ್ಳೇ ಮನುಷ್ಯನ್ನ ಸಾಯಿಸಿಬಿಟ್ರಾ?”

“ಸಾಯಿಸಿದ್ರಪ್ಪ. ಗುಹೇಲಿಟ್ಟು, ಬಂಡೆ ಮುಚ್ಚಿ, ಕಾವಲು ಹಾಕಿದ್ರು. ಮೂರನೇ ದಿನ ಎದ್ದು ಬಂದ್ರು.”

ನಾನು ತೊಡೆ ತಟ್ಕೊಂಡು ಅಂದೆ, “ಹಂಗಾದ್ರೆ ಸಾಯೋದು ಇಂಟರ್‌ವೆಲ್‌ಗೆ ಅನ್ರಿ!”

ಅಯ್ಯನೋರು ಛತ್ರಿ ಪಕ್ಕಕ್ಕಿಟ್ಟು, “ಇಪ್ಪತ್ತು ವರ್ಷದಿಂದ ಬೋಧನೆ ಮಾಡ್ತಿದೀನಪ್ಪ, ಇಷ್ಟು ಸಲೀಸಾಗಿ ನಂಗೆ ಹೇಳೋಕೆ ಬಂದಿಲ್ಲ” ಅಂದ್ರು.

ದಿನಕ್ಕೆ ಎರಡು ಆಟ

ಹೊರಟ್ವಿ. ಜಟಕಾ ಹೊಡೀತಿದ್ದವರು ನಮ್ಮ ಸಾಬ್ರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹದಡಿ, ಹರಿಹರ, ಮಲೆಬೆನ್ನೂರು ಸಂತೆ, ಯಾವುದನ್ನೂ ಬಿಡಲಿಲ್ಲ. ಬಾಯಿ ಮಾತ್ರ ತನ್ನ ಹಳೇ ದಾರೀಲೇ ಹೋಯ್ತು.

“ಇಂದಿನಿಂದ ಮೂರೇ ದಿನ! ದಿನಕ್ಕೆ ಎರಡು ಆಟ! ಹೆಂಗಸರಿಗೆ ಬೇರೆ ಜಾಗ! ಗುಹೆ ಬಾಯಿಗೆ ಬಂಡೆ ಉರುಳಿಸಿದ್ರು, ಮೂರನೇ ದಿನ ನೋಡಿದ್ರೆ ಬಂಡೆ ಪಕ್ಕಕ್ಕೆ! ಗುಹೆ ಒಳಗೆ ಏನಿತ್ತು? ತಪ್ಪದೆ ಬನ್ನಿ!”

ಜನ ಬಂದ್ರು ನೋಡ್ರಿ! ಬಯಲು ಸಾಲದಷ್ಟು ಜನ. ಅರ್ಧ ಮಂದಿ ಟಿಕೆಟ್ ಕೌಂಟರ್ ಹುಡುಕ್ತಿದ್ರು, ಉಳಿದರ್ಧ ಪರದೆ ಎಲ್ಲೈತೆ ಅಂತ ಕೇಳ್ತಿದ್ರು. ಅಯ್ಯನೋರು ಬೆವರು ಒರೆಸ್ಕೊಂತಾ ಬೋಧನೆ ಶುರು ಮಾಡಿದ್ರು. ಗುಹೆ ವಿಷಯ ಮೂರನೇ ದಿನಕ್ಕೆ ಅಂತ ಇಟ್ಕೊಂಡಿದ್ರು.

ಎರಡನೇ ದಿನ ಬೋಧನೆ ನಡುವೆ ಮಲೆಬೆನ್ನೂರಿನ ಒಬ್ಬ ಅಜ್ಜಿ ಎದ್ದು ನಿಂತ್ಳು.

“ಸ್ವಾಮೇರ, ಅದೆಲ್ಲಾ ಇರ್ಲಿ. ಆ ಗುಹ್ಯಾಗೆ ಏನಿತ್ತು, ಅಷ್ಟು ಹೇಳ್ರಿ. ನಂಗೆ ಬಸ್ಸಿಗೆ ಹೊತ್ತಾಗತೈತಿ.”

ಅಯ್ಯನೋರು ತಡವರಿಸಿ, “ಏನೂ ಇರಲಿಲ್ಲ ತಾಯಿ. ಖಾಲಿ ಇತ್ತು” ಅಂದ್ರು.

“ಖಾಲಿನಾ?” ಅಜ್ಜಿ ನನ್ನ ಕಡೆ ತಿರುಗಿ ಕೈ ಚಾಚಿ ತೋರಿಸಿದ್ಳು. “ಏನೂ ಇಲ್ಲದ್ದನ್ನ ತೋರ್ಸಾಕೆ ಇಷ್ಟು ಒದರಿದ್ಯೇನಲೇ?”

ಕುದುರೆಗೆ ತಿಳೀಲಿಲ್ಲ

ಎಲ್ಲರೂ ನಕ್ಕು ಮರೆತ್ರು. ನಂಗೆ ಮರೆಯೋಕಾಗ್ಲಿಲ್ಲ. ಖಾಲಿ ಅಂದ್ರೆ ಎದ್ದವರು ಎಲ್ಲಿಗೆ ಹೋದ್ರು? ಬಂಡೆ ಸರಿಸಿದ್ದು ಯಾರು? ಕಾವಲಿನವರು ಏನ್ ಮಾಡ್ತಿದ್ರು? ಟಾಕೀಸಿನ ಕತೆಗಳಲ್ಲಿ ಮೊದಲ ರೀಲಿಗೇ ಕೊನೆ ಗೊತ್ತಾಗಿಬಿಡೋ ನಂಗೆ, ಇದು ತಲೆಗೆ ಹುಳ ಬಿಟ್ಟಂಗಾಯ್ತು.

ದಿನಾ ಸಂಜೆ ಅಯ್ಯನೋರ ಮನೆಗೆ ಹೋಗಿ ಕೇಳ್ತಿದ್ದೆ. ಅವರು ಒಂದು ಪುಸ್ತಕ ಕೊಟ್ರು. ಮಂಡಕ್ಕಿ ತಿನ್ನೋ ಹೊತ್ತಲ್ಲೂ ಓದಿದೆ. ಕೇಳೋಕೆ ಅಂತ ಹೋದವನು ಒಂದಿನ ಪ್ರಾರ್ಥನೆಗೆ ಕೂತೆ. ಕಣ್ಣಲ್ಲಿ ನೀರು ಬಂತು. ಯಾಕೆ ಅಂದ್ರೆ ಇವತ್ತಿಗೂ ಸರಿಯಾಗಿ ಹೇಳೋಕೆ ಬರಲ್ಲ, ಆದ್ರೆ ಅಷ್ಟು ಹಗುರ ನಾನು ಹಿಂದೆಂದೂ ಆಗಿರಲಿಲ್ಲ. ಅವ್ವನಿಗೆ ಹೇಳಿದೆ. “ನಿನ್ನ ಬಾಯಿ ಒಂದು ಗಳಿಗೆ ಸುಮ್ಮನಿತ್ತು ಅಂದ್ಯಲ್ಲ, ಅಂದ್ಮೇಲೆ ದೊಡ್ಡ ದೇವರೇ ಇರ್ಬೇಕು” ಅಂದ್ಳು.

ಸಾಬ್ರಿಗೆ ಹೇಳೋಕೆ ಅಳುಕಿತ್ತು. ಚರ್ಚಿಗೆ ಸೇರಿ ಟಾಕೀಸು ಬಿಟ್ರೆ ಜತೆ ತಪ್ಪುತ್ತಲ್ಲ. ಆದ್ರೂ ಹೇಳಿದೆ. ಅವರು ಬೀಡಿ ಆರಿಸಿ, “ಅಚ್ಛಾ ಆತು ಬಿಡೋ ತಮ್ಮಾ. ನಿಮ್ಮ ಸ್ವಾಮೀನ ನಾವೂ ಈಸಾ ಅಂತ ಕರೀತೀವಿ. ಭಾನುವಾರ ನಾನೇ ಬಿಟ್ ಬರ್ತೀನಿ ನಡಿ” ಅಂದ್ರು.

ಭಾನುವಾರ ಹೊಸ ಬಿಳಿ ಅಂಗಿ ತೊಟ್ಟು ಜಟಕಾ ಹತ್ತಿದೆ. ಮೊದಲ ಸರ್ಕಲ್ಲಿಗೆ ಬರ್ತಿದ್ದಂಗೆ ಕುದುರೆ ನಿಂತ್ಬಿಡ್ತು. ವರ್ಷಗಟ್ಟಲೆ ಅಲ್ಲಿ ನಿಂತು ಕೂಗಿದ್ದೇವಲ್ಲ! ಸಾಬ್ರು ಲಗಾಮು ಜಗ್ಗಿದ್ರು, ಬೆನ್ನು ತಟ್ಟಿದ್ರು, ಉರ್ದೂಲಿ ಬೇಡ್ಕೊಂಡ್ರು. ಊಹೂಂ. ಕೊನೆಗೆ ನಾನು ಹಲಗೆ ಬಡಿದು, “ಬನ್ನಿ ಬನ್ನಿ, ನೋಡಿ ನೋಡಿ!” ಅಂದೆ. ಆಗ ಹೊರಡ್ತು. ಚರ್ಚಿಗೆ ಹೋಗೋದ್ರೊಳಗೆ ಏಳು ಸರ್ಕಲ್ಲು. ಏಳು ಸಲ ಕೂಗಿದೆ.

ನಾವು ತಲುಪೋ ಹೊತ್ತಿಗೆ ಆರಾಧನೆ ಅರ್ಧ ಆಗಿತ್ತು. ಅಯ್ಯನೋರು ಬಾಗಿಲ ಕಡೆ ನೋಡಿದ್ರು. ನಾನು ಬಾಯಿ ತೆರೆಯೋ ಮುಂಚೆ ಸಾಬ್ರೇ ಹೊರಗಿಂದ ಹೇಳಿದ್ರು, “ಮಾಫ್ ಮಾಡ್ರಿ ಅಯ್ಯನೋರೇ. ಇವನ ಮನಸ್ಸು ತಿರುಗೈತೆ, ಕುದುರೇದು ಇನ್ನೂ ತಿರುಗಿಲ್ಲ!”

ಮೊದಲೇ ಆಮೆನ್

ಟಾಕೀಸು ಬಿಟ್ಟು ಒಂದು ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದೆ. ಆದ್ರೆ ಬಾಯಿ ಸುಮ್ನಿರಬೇಕಲ್ಲ. ದೇವರು ನಂಗೆ ಕೊಟ್ಟಿದ್ದೇ ಒಂದು ದನಿ, ಅದನ್ನ ಆತನಿಗೇ ಕೊಡ್ಬೇಕು ಅಂತ ಆಸೆ. ಗಾಯನ ತಂಡಕ್ಕೆ ಸೇರಿಸ್ಕೊಳ್ಳಿ ಅಂತ ಕೇಳಿದೆ.

ತಂಡ ಟೀಚರಮ್ಮನ ಕೈಲಿತ್ತು. ಸ್ಕೂಲಿನಿಂದ ನಿವೃತ್ತರಾದ ಮೇಲೂ ಗದರೋದು ಬಿಟ್ಟಿರಲಿಲ್ಲ. ಕಾಲಲ್ಲಿ ತುಳೀತಾ, ಕೈಲಿ ಬಾರಿಸೋ ಆರ್ಗನ್ನು ಅವರದು. ಅವರ ಹಾಡು ಎಷ್ಟು ನಿಧಾನ ಅಂದ್ರೆ, ಒಂದು ಸಾಲು ಮುಗಿಯೋದ್ರೊಳಗೆ ಹರಿಹರಕ್ಕೆ ಹೋಗಿ ಬರಬಹುದಿತ್ತು. ನನಗೋ, ನಿಧಾನ ಅಂದ್ರೇನು ಅಂತ್ಲೇ ಗೊತ್ತಿಲ್ಲ.

ಮೊದಲ ದಿನ ಅಭ್ಯಾಸಕ್ಕೆ ನಿಂತೆ. ಕಣ್ಣು ಮುಚ್ಚಿ, ಭಕ್ತಿಯಿಂದ ಹಾಡಿ, ಆಮೆನ್ ಅಂತ ಹೇಳಿ ಕೂತೆ. ಕಣ್ಣು ಬಿಟ್ರೆ ಎಲ್ಲರೂ ಇನ್ನೂ ನಿಂತೇ ಇದ್ದಾರೆ.

ಟೀಚರಮ್ಮ ಕನ್ನಡಕ ತೆಗೆದ್ರು. “ಏನ್ರೀ, ಯಾವುದಾದ್ರೂ ಬಸ್ಸಿಗೆ ಹೋಗ್ಬೇಕೇನು?”

“ಇಲ್ರಿ.”

“ನಾವಿನ್ನೂ ಎರಡನೇ ಸಾಲಲ್ಲಿದೀವಿ. ನೀವು ಸ್ವರ್ಗಕ್ಕೆ ಹೋಗಿ ಕೂತಿದೀರಿ.” ಆಮೇಲೆ ತೀರ್ಪು ಕೊಟ್ರು: “ಭಾನುವಾರ ನಮ್ಮ ಜತೆ ನಿಲ್ರಿ. ಬಾಯಿ ಆಡಿಸ್ರಿ. ದನಿ ಮಾತ್ರ ಬ್ಯಾಡ.”

ಟೀಚರಮ್ಮನ ಕಾಲು

ಎಂಟು ತಿಂಗಳು ಬಾಯಿ ಆಡಿಸಿದೆ, ಅದೂ ಆರ್ಗನ್ನಿಗಿಂತ ಒಂದು ಸಾಲು ಮುಂದೆ. ನಗೋ ಮಾತಲ್ಲ ಅದು. ಒಳಗೊಳಗೇ ಬಹಳ ನೋವಾಗ್ತಿತ್ತು. ಸಿನಿಮಾಕ್ಕೆ ಬೇಕಾದ ದನಿ ದೇವರಿಗೆ ಬ್ಯಾಡ್ವಾ ಅಂತ ಅಯ್ಯನೋರ ಮುಂದೆ ಅತ್ತೇಬಿಟ್ಟೆ.

ಅವರು ಹಿರಿಯರನ್ನೆಲ್ಲ ಕೂಡಿಸಿ ಮಾತಾಡಿದ್ರು. ‘ಸಿನಿಮಾ ಕೂಗು ಚರ್ಚಿಗೆ ಬ್ಯಾಡವೇ ಬ್ಯಾಡ’ ಅಂದವರೇ ಜಾಸ್ತಿ. ಕೊನೆಗೊಂದು ಒಪ್ಪಂದ ಆಯ್ತು. ಹರಿಹರದ ಚರ್ಚಿನಲ್ಲಿ ಕ್ರಿಸ್‌ಮಸ್ ಸಂಜೆ ಕೂಟ. ಅಲ್ಲಿ ನಂಗೆ ಐದು ನಿಮಿಷ. ಟೀಚರಮ್ಮ ಸೈ ಅಂದ್ರೆ ಇನ್ಮುಂದೆ ನನ್ನ ರೀತೀಲೇ ಸಾಕ್ಷಿ, ಅಂದ್ರೆ ದೇವರು ನಂಗೆ ಸಿಕ್ಕ ಕತೆ, ಹೇಳಬಹುದು. ಅವರು ಬ್ಯಾಡ ಅಂದ್ರೆ, ಆ ಮಾತು ಮತ್ತೆ ಎತ್ತಂಗಿಲ್ಲ.

ಅವತ್ತು ಟೀಚರಮ್ಮ ಆರ್ಗನ್ನಿನ ಮುಂದೆ ಕೂತಿದ್ರು. ‘ಇದಕ್ಕೂ ನನಗೂ ಸಂಬಂಧ ಇಲ್ಲ’ ಅಂತ ತೋರ್ಸೋಕೆ, ಮೊಣಕೈನ ಆರ್ಗನ್ನಿನ ಕಪ್ಪು ಬಿಳಿ ಮನೆಗಳ ಮೇಲೆ ಊರಿ, ಗಲ್ಲಕ್ಕೆ ಕೈಕೊಟ್ಟು, ಕಿಟಕಿ ಕಡೆ ಮುಖ ಮಾಡಿದ್ರು. ತುಳಿದು ಗಾಳಿ ತುಂಬದೆ ಅದು ದನಿ ಹೊರಡಿಸಲ್ಲ, ಹಂಗಾಗಿ ಸುಮ್ನಿತ್ತು.

ನಾನು ಒಂದು ಮರದ ಸ್ಟೂಲು ಎಳ್ಕೊಂಡೆ. ಅದರ ಮೇಲೆ ತಾಳ ಬಡಿದೆ. ಶುರು ಮಾಡಿದೆ:

“ಹದಡಿ ರೋಡು ಹತ್ತಿ ಇಳಿದೆ, ಹೊಳೆಯ ದಾಟಿ ಊರು ತಿಳಿದೆ,
ಕಂಡ ಮಂದಿ ಕತೆಯ ಕೂಗಿ ಗಂಟ್ಲು ಹರಿದು ನೀರು ಕುಡಿದೆ,
ಇಷ್ಟು ಕೂಗಿದವನ ಒಬ್ರು ಮೆಲ್ಲ ಬಂದು ಕರೆದು ಬಿಟ್ರು,
ಬಾಯಿ ಮುಚ್ಚಿ ಕೇಳೋ ಪಾಠ ಬಾಯಿಬಡುಕ ನನಗೆ ಕೊಟ್ರು!”

ಹಿಂದಿನ ಬೆಂಚಿನವರು ತಲೆ ಆಡಿಸೋಕೆ ಹತ್ತಿದ್ರು. ಹಿರಿಯರು ಮಾತ್ರ ಟೀಚರಮ್ಮನ ಮುಖವನ್ನೇ ನೋಡ್ತಿದ್ರು. ಆ ಮುಖ ಒಂದಿಷ್ಟೂ ಅಲುಗಲಿಲ್ಲ. ಮುಗೀತು ನನ್ನ ಕತೆ ಅಂದ್ಕೊಂಡು, ಹೋಗೋದು ಹೋಗ್ಲಿ ಅಂತ ಇನ್ನೂ ಜೋರಾಗಿ ಬಡಿದೆ.

ಆಗ ಎಲ್ಲಿಂದಲೋ “ಭೋಂ” ಅಂತು.

ಮತ್ತೆ “ಭೋಂ.” ಸರಿಯಾಗಿ ನನ್ನ ತಾಳಕ್ಕೆ. ಭೋಂ, ಭೋಂ, ಭೋಂ!

ಇಡೀ ಚರ್ಚು ತಿರುಗಿ ನೋಡ್ತು. ಟೀಚರಮ್ಮನ ಮುಖ ಕಿಟಕಿ ಕಡೆಗೇ ಇತ್ತು, ಮೊಣಕೈ ಮನೆಗಳ ಮೇಲೇ ಇತ್ತು. ಆದ್ರೆ ಕೆಳಗೆ ಸೀರೆ ನೆರಿಗೆ ಕುಣೀತಿತ್ತು. ಅವರಿಗೇ ತಿಳೀದಂಗೆ ಎರಡೂ ಕಾಲು ಆರ್ಗನ್ನನ್ನ ನನ್ನ ತಾಳಕ್ಕೆ ತುಳೀತಿದ್ವು!

ಯಾರೋ ಕಿಸಕ್ಕೆಂದ್ರು. ನಾನು ಹೆದರಿ ನಿಲ್ಲಿಸ್ಬಿಟ್ಟೆ. ಆರ್ಗನ್ನೂ ನಿಂತ್ಬಿಡ್ತು. ಟೀಚರಮ್ಮ ಬೆಚ್ಚಿಬಿದ್ದು ಮೊಣಕೈ ನೋಡಿದ್ರು, ಕಾಲು ನೋಡ್ಕೊಂಡ್ರು, ತಮ್ಮನ್ನೇ ದಿಟ್ಟಿಸ್ತಿದ್ದ ಹಿರಿಯರನ್ನ ನೋಡಿದ್ರು. ಮುಖ ಕೆಂಪಾಯ್ತು.

ಅವರು ನನ್ನ ಕಡೆ ತಿರುಗಿ ಗದರಿದ್ರು:

“ಯಾಕ್ರೀ ನಿಲ್ಲಿಸಿದ್ರಿ? ಎಂಟು ತಿಂಗಳಿಂದ ನನ್ನ ಮುಂದೆ ಓಡ್ತಿದ್ರಿ, ಈಗ ನಿಮ್ಮನ್ನ ಹಿಡಿದೆ ಅನ್ನೋದ್ರೊಳಗೆ ಕೂತ್ಬಿಡ್ತೀರಲ್ಲ! ಹೊಡೀರಿ ತಾಳ!”