ನನ್ನ ಮದುವೆಯ ದಿನ ಬಿಡುವಿಲ್ಲದ ದುಭಾಷಿ

ನಗರದ ವಿವಾಹ ನೋಂದಣಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಕೋಣೆಯ ಕಿಟಕಿಯಲ್ಲಿ ಎಂದೂ ಬಾಡದೆ ನಿಂತಿರುವ ಪ್ಲಾಸ್ಟಿಕ್ ಹೂಗಳಿಗೂ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬುತ್ತೇನೆ. ಮದುವೆಯೊಂದು ನಿಂತುಹೋಯಿತು ಅನ್ನುವುದು ಬಿಟ್ಟರೆ ಇಲ್ಲಿ ನಾವೆಲ್ಲರೂ ಸೌಖ್ಯ.

ತಮ್ಮ ನಾಡಿನವನೇ ಆದ, ನಗರದ ಬಸ್ಸು ಓಡಿಸುವ ಒಬ್ಬ ಸಾಧು ಮನುಷ್ಯನನ್ನು ಪರದೇಶದವಳಾದ ನಾನು ಬರುವ ಗುರುವಾರ ತಮ್ಮೆದುರು ಮದುವೆಯಾಗಬೇಕಿತ್ತು. ಪರದೇಶದ ವಧುವಿನ ಪಕ್ಕದಲ್ಲಿ ಅವಳ ಭಾಷೆಯ, ಪ್ರಮಾಣ ಸ್ವೀಕರಿಸಿದ ದುಭಾಷಿಯೊಬ್ಬರು ಇರಲೇಬೇಕೆಂಬ ಕಾನೂನು ನನಗೆ ಗೊತ್ತಿಲ್ಲದ್ದೇನಲ್ಲ. ಆ ದುಭಾಷಿಯಾಗಿ ತಮ್ಮ ಕಚೇರಿಯ ಮೆಟ್ಟಿಲು ಸವೆಸಿದವಳು ನಾನೇ ಆದ್ದರಿಂದ ಅದು ನನಗೆ ಅನ್ವಯಿಸದು ಎಂದುಕೊಂಡದ್ದು ನನ್ನ ದಡ್ಡತನ. ನನಗೆ ತಮ್ಮ ಭಾಷೆ ಅರ್ಥವಾಗದೇ ಹೋಗುವ ಅಪಾಯವನ್ನು ತಾವು ತಮ್ಮ ಭಾಷೆಯಲ್ಲೇ ಬಹಳ ಹೊತ್ತು ವಿವರಿಸಿದಿರಿ; ನಾನು ಒಂದಕ್ಷರವೂ ಬಿಡದೆ ಅರ್ಥ ಮಾಡಿಕೊಂಡೆ.

ಆಮೇಲೆ ತಮ್ಮ ಗುಮಾಸ್ತೆಯವರು ನನ್ನ ಭಾಷೆಯ ದುಭಾಷಿಗಾಗಿ ಕಂಪ್ಯೂಟರಿನಲ್ಲಿ ಹುಡುಕಿ, ಊರಿಗೆಲ್ಲ ಇದ್ದ ಒಂದೇ ಒಂದು ನಂಬರಿಗೆ ಫೋನ್ ಮಾಡಿದರು. ನನ್ನ ಕೈಚೀಲದಲ್ಲಿ ಗಂಟೆ ಬಾರಿಸಿತು. ಕಚೇರಿಯ ಮೇಲಿನ ಗೌರವದಿಂದ ಎತ್ತಿದೆ. ಮೇಜಿನ ಆಚೆ ಕುಳಿತ ಆ ಪುಣ್ಯಾತ್ಗಿತ್ತಿ ನನ್ನ ಮುಖವನ್ನೇ ನೋಡುತ್ತಾ, ಗುರುವಾರ ಬಿಡುವಿದೆಯೇ ಎಂದು ವಿಚಾರಿಸಿದರು. ಇಲ್ಲಮ್ಮ, ಅವತ್ತು ನನ್ನ ಮದುವೆ ಎಂದೆ. ‘ದುಭಾಷಿ ಲಭ್ಯವಿಲ್ಲ’ ಎಂದು ಬರೆದುಕೊಂಡರು. ಇಂಥ ನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಮಾತನ್ನು ನಾನೇ ತಮಗೆ ತಲುಪಿಸುತ್ತೇನೆ, ಬೇಕಾದರೆ ಎರಡು ಕುರ್ಚಿ ಹಾಕಿಸಿ, ಒಂದರಲ್ಲಿ ವಧುವಾಗಿ ಹೇಳಿ ಇನ್ನೊಂದಕ್ಕೆ ಓಡಿಹೋಗಿ ದುಭಾಷಿಯಾಗಿ ಹೇಳುತ್ತೇನೆ ಎಂದು ಅಂಗಲಾಚಿದೆ. ಸ್ವಂತ ಲಾಭವಿರುವ ಕಡೆ ದುಭಾಷಿ ನಿಷ್ಪಕ್ಷಪಾತಿಯಾಗಿರಲಾರಳು ಎಂದಿರಿ. ನಿಜ, ಈ ಮದುವೆಯಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆ. ಹಾಗಾದರೆ ನಮ್ಮವನೇ ಆ ಕೆಲಸ ಮಾಡಲಿ ಎನ್ನೋಣವೆಂದರೆ ಅವನು ನನ್ನ ಭಾಷೆಯಲ್ಲಿ ಕಲಿತಿರುವುದು ‘ಊಟ ಆಯ್ತಾ’ ಎಂಬುದೊಂದನ್ನೇ. ಅಪ್ಪ ಹಲ್ಲುಜ್ಜುತ್ತಿದ್ದರೂ ಕೇಳುತ್ತಾನೆ.

ಅಪ್ಪ ಎಂದೆನಲ್ಲ, ಈ ಪತ್ರ ಬರೆಯುತ್ತಿರುವುದು ಅವರಿಗಾಗಿಯೇ. ಅವರು ದರ್ಜಿ. ಮಗಳ ಮದುವೆ ಕಣ್ಣಾರೆ ನೋಡಬೇಕೆಂದು ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿದರು, ಅಳಿಯನಿಗೆ ಫೋನಿನಲ್ಲೇ ಅಳತೆ ಕೇಳಿ ಕೋಟು ಹೊಲಿದು ತಂದರು. ತೋಳು ಚೂರು ಉದ್ದವಾಗಿತ್ತು. ಬಂದ ದಿನವೇ ಸರಿಮಾಡಿದರು. ಮದುವೆ ಮುಂದಕ್ಕೆ ಹೋಯಿತೆಂದು ಗೊತ್ತಾದ ಮೇಲೂ ಮಂಚದ ಅಂಚಿಗೆ ಕುಳಿತು ಅದೇ ತೋಳನ್ನು ಬಿಚ್ಚುತ್ತಾರೆ, ಹೊಲಿಯುತ್ತಾರೆ. “ಅಲ್ಲಮ್ಮಾ, ಇಷ್ಟು ದಿನ ಊರವರ ಮಾತೆಲ್ಲ ನೀನು ಹೇಳ್ದೆ, ಈಗ ನಿನ್ನ ಮಾತು ಹೇಳೋಕೆ ಇನ್ನೊಬ್ರು ಬೇಕಂತಾ?” ಎಂದು ಕೇಳಿದರು. ಅನುವಾದಿಸಲು ನನಗೂ ಬರಲಿಲ್ಲ. ಶನಿವಾರ ಅವರು ಹೊರಡಲೇಬೇಕು, ವೀಸಾ ಅಲ್ಲಿಗೆ ಮುಗಿಯುತ್ತದೆ; ಇನ್ನೊಂದು ಸಲ ಬರುವುದು ಅವರ ಮಂಡಿನೋವಿಗೆ ಆಗದ ಮಾತು.

ಮಾನ್ಯರೇ, ತಮ್ಮ ಕೋಣೆಯಲ್ಲಿ ನಾನು ಎಷ್ಟು ಸಲ ಮದುವೆಯಾಗಿದ್ದೇನೆಂದು ತಮಗೆ ನೆನಪಿದೆಯೇ? ಯಾರ ಮಾತು ಹೇಳುತ್ತೇವೋ ಅವರಾಗಿಯೇ ಹೇಳಬೇಕೆಂಬುದು ನಮ್ಮ ವೃತ್ತಿಯ ನಿಯಮ. ಆಕೆ ಒಪ್ಪಿದ್ದಾಳಂತೆ ಸ್ವಾಮಿ, ಅನ್ನುವ ಹಾಗಿಲ್ಲ; ‘ಈತನನ್ನು ಗಂಡನಾಗಿ ಒಪ್ಪಿದ್ದೇನೆ’ ಎಂದೇ ಎದ್ದು ನಿಂತು ಹೇಳಬೇಕು. ಹಾಗೆ ನಾನು ಒಬ್ಬ ಬಾಣಸಿಗನನ್ನು ಒಪ್ಪಿದ್ದೇನೆ, ಒಬ್ಬ ಹಲ್ಲಿನ ಡಾಕ್ಟರನ್ನು ಒಪ್ಪಿದ್ದೇನೆ, ಉದ್ದಕ್ಕೂ ಆಕಳಿಸುತ್ತಿದ್ದ ಒಬ್ಬ ವಕೀಲನನ್ನಂತೂ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ್ದೇನೆ. ಪ್ರತಿ ಸಲವೂ ತಾವು ನನ್ನ ಮಾತು ನಂಬಿ ಮೊಹರು ಒತ್ತಿದಿರಿ. ಸುಳ್ಳಲ್ಲದೆ, ಬಾಡಿಗೆಗಲ್ಲದೆ, ನನ್ನದೇ ಆಗಿ ಒಂದು ಸಲ ಹೇಳುತ್ತೇನೆಂದಾಗ ಮಾತ್ರ ತಮಗೆ ಸಾಕ್ಷಿ ಬೇಕಾಯಿತು.

ಆದಕಾರಣ ತಾವು ದಯಮಾಡಿ ಶುಕ್ರವಾರದೊಳಗೆ ನನ್ನ ಭಾಷೆಯನ್ನು ಕಲಿಯಬೇಕೆಂದೂ, ಅದಾಗದಿದ್ದರೆ ವಿಮಾನವನ್ನಾದರೂ ತಡೆಯಬೇಕೆಂದೂ ಪ್ರಾರ್ಥಿಸುತ್ತೇನೆ. ಪರದೇಶದವಳ ಮಾತು ದುಭಾಷಿಯ ಮೂಲಕವೇ ಬರಬೇಕಾದ್ದರಿಂದ ಈ ಪತ್ರವನ್ನು ನನ್ನ ಭಾಷೆಯಲ್ಲೇ ಬರೆದಿದ್ದೇನೆ. ಓದಿಸಿಕೊಳ್ಳಲು ಯಾರನ್ನು ಕರೆಯಬೇಕೆಂಬುದು ತಮ್ಮ ಗುಮಾಸ್ತೆಯವರಿಗೆ ಗೊತ್ತು.

ಎಲ್ಲರ ಗಂಡಂದಿರನ್ನೂ ಒಪ್ಪಿಕೊಂಡು ಇನ್ನೂ ಕನ್ಯೆಯಾಗಿಯೇ ಉಳಿದಿರುವ,
ತಮ್ಮ ವಿಶ್ವಾಸಿ,
ದುಭಾಷಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ತಮ್ಮ ಕಚೇರಿಯಿಂದ ಫೋನ್ ಬಂತು. ತೆರವಾದ ನಮ್ಮ ಗುರುವಾರದ ಹೊತ್ತನ್ನು ಬೇರೆ ಜೋಡಿಗೆ ಕೊಟ್ಟಿದ್ದೀರಂತೆ, ವಧು ನನ್ನ ಭಾಷೆಯವಳಂತೆ, ನನಗೆ ಬಿಡುವಿದೆಯೇ ಎಂದು ಕೇಳಿದರು. ಈಗ ಬಿಡುವಿದೆ, ಬರುತ್ತೇನೆ. ಅಪ್ಪನೂ ನಮ್ಮವನೂ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಯಾರು ಬೇಕಾದರೂ ಕೂರಬಹುದೆಂದು ತಮ್ಮ ಬಾಗಿಲ ಮೇಲೆಯೇ ಬರೆದಿದೆ. ತಾವು ಕೇಳಿದಾಗ ನಾನು ಎದ್ದು ನಿಂತು, ಕೂಡಿಸದೆ ಕಳೆಯದೆ, ಒಪ್ಪಿದ್ದೇನೆ ಎನ್ನುತ್ತೇನೆ. ಆಗ ನನ್ನ ಕಣ್ಣು ಯಾವ ಬೆಂಚಿನ ಮೇಲಿತ್ತೆಂಬುದನ್ನು ದಯವಿಟ್ಟು ದಾಖಲಿಸಬೇಡಿ. ಅಪ್ಪನಿಗೆ ತಮ್ಮ ಭಾಷೆ ಬರುವುದಿಲ್ಲ. ಆ ಒಂದು ವಾಕ್ಯವನ್ನು ಮಾತ್ರ ಕೂರಿಸಿಕೊಂಡು ಕಲಿಸಿದ್ದೇನೆ, ಮಗಳ ಬಾಯಲ್ಲಿ ಕೇಳಿದರೆ ಗುರುತು ಹಿಡಿಯುತ್ತಾರೆ.