ವನಜಾಕ್ಷಮ್ಮನವರ ರೆಪ್ಪೆಗಳ ಮೇಲೆ ನಡೆದ ಸಂಧ್ಯಾಸಮರ

ಕಲಿಯುಗದ ಪ್ರಥಮ ಪಾದವು ಇನ್ನೂ ಸವೆಯದೆ ಉಳಿದಿರಲಾಗಿ, ಮೇರುವಿನ ದಕ್ಷಿಣಕ್ಕೆ, ರೈಲುಗಳ ಸಂಗಮಕ್ಷೇತ್ರವೆನಿಸಿ ತೆಂಗಿನ ಗರಿಗಳಿಂದ ಚಾಮರ ಹಾಕಿಸಿಕೊಳ್ಳುವ ಅರಸೀಕೆರೆಯೆಂಬ ಪಟ್ಟಣದಲ್ಲಿ, ಒಂದು ಶನಿವಾರದ ಇಳಿಹೊತ್ತಿನಲ್ಲಿ ಜರುಗಿದ ಘೋರಸಂಗ್ರಾಮವನ್ನು ಹೇಳಹೊರಟಿದ್ದೇನೆ. ಮೀನಾಕ್ಷಿಯೇ, ಕಾಮಾಕ್ಷಿಯೇ, ವಿಶಾಲಾಕ್ಷಿಯೇ, ಹೆಸರಿನಲ್ಲೇ ಕಣ್ಣಿಟ್ಟುಕೊಂಡಿರುವ ತಾಯಂದಿರೇ, ನನ್ನ ನಾಲಿಗೆಯ ಮೇಲೆ ಒಂದು ಗಳಿಗೆ ಕುಳಿತುಕೊಳ್ಳಿ. ಇಕ್ಕಟ್ಟಾದರೆ ಒಬ್ಬರಿಗೊಬ್ಬರು ಸ್ವಲ್ಪ ಸರಿದು ಕೂರಿ.

ಈ ಕಥೆಯ ನಾಯಕಿ ಕುಂಚಾಯುಧಧಾರಿಣಿ, ಮೃದುಸ್ಪಂಜುಪಾಣಿ, ಗುರುಮುಖವನ್ನು ಮೊಬೈಲಿನ ಪರದೆಯಲ್ಲಲ್ಲದೆ ಬೇರೆಲ್ಲೂ ಕಾಣದೆಯೇ ಸಕಲ ವರ್ಣವಿದ್ಯೆಗಳನ್ನು ಸಾಧಿಸಿದ ಕೇಶವಮೂರ್ತಿತನೂಜೆ ಮಂದಾಕಿನಿ. ಇಷ್ಟೆಲ್ಲ ಬಿರುದಿದ್ದರೂ ಮನೆತನದ ಯಾವ ಮದುವೆಯಲ್ಲೂ ಆಕೆಗೆ ಸೀರೆಯ ಪಿನ್ನು ಹಿಡಿದು ನಿಲ್ಲುವುದಕ್ಕಿಂತ ದೊಡ್ಡ ಕೆಲಸ ಯಾರೂ ಕೊಟ್ಟಿರಲಿಲ್ಲ. ಈಗ ಚಿಕ್ಕಪ್ಪನ ಮಗಳು ಇಂದುಶ್ರೀಯ ಮದುವೆ ಬಂದಿತ್ತು. ಆರತಕ್ಷತೆಯ ದಿನ ವಧುವಿನ ಕಣ್ಣುಗಳೆಂಬ ಅವಳಿ ರಾಜ್ಯಗಳನ್ನು ಆಳುವವರು ಯಾರು, ಸ್ಟೇಷನ್ ರಸ್ತೆಯ ಪಾರ್ಲರಿನವಳೋ, ಮಂದಾಕಿನಿಯೋ?

"ನಿನ್ನ ಕಣ್ಣಿಗೆ ನೀನು ಬಣ್ಣ ಹಾಕ್ಕೊಂಡ್ರೆ ಏನು ದೊಡ್ಡಸ್ತಿಕೆ? ಬೇರೆಯವರಿಗೆ ಹಾಕಿ ತೋರ್ಸು. ಶನಿವಾರ ಸಂಜೆ ಬಂದು ನೋಡ್ತೀನಿ, ಆಮೇಲೆ ಹೇಳ್ತೀನಿ," ಎಂದು ಇಂದುಶ್ರೀ ಅಪ್ಪಣೆ ಕೊಡಿಸಿದ್ದಳು.

ಹೀಗಾಗಿ ರಣಭೂಮಿಯಾಗಿ ಒದಗಿದವರು ಇಬ್ಬರಿಗೂ ಸೋದರತ್ತೆಯಾದ ವನಜಾಕ್ಷಮ್ಮನವರು. ಕಿಟಕಿಯ ಬೆಳಕಿಗೆ ಮುಖವೊಡ್ಡಿ, ಕುರ್ಚಿಯಲ್ಲಿ, ಬಲಿಪೀಠದ ಮೇಲೆ ಇಟ್ಟ ಬೂದುಗುಂಬಳದಷ್ಟು ಶಾಂತವಾಗಿ ಕುಳಿತಿದ್ದರು.

ಮಂದಾಕಿನಿ ಅಂಗೈಯಗಲದ ಕಣ್ಬಣ್ಣದ ಡಬ್ಬಿಯನ್ನು ತೆರೆದಳು. ಆಹಾ! ಗೋಪಿಚಂದನ, ಕಾವಿಮಣ್ಣು, ಹಳೆಬೆಲ್ಲ, ತಾಮ್ರದ ಚೊಂಬು, ದಾಳಿಂಬೆಯ ಸಿಪ್ಪೆ, ಮಾಗಿದ ಕಿತ್ತಳೆ: ಬಿಸಿಲಿನ ವಂಶದಲ್ಲಿ ಹುಟ್ಟಿದ ಬಣ್ಣಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ತಣ್ಣನೆಯ ನೀಲಿಗೂ ಹಸಿರಿಗೂ ಆ ಕೋಟೆಯೊಳಗೆ ಪ್ರವೇಶವಿರಲಿಲ್ಲ.

"ಇದೇನೇ, ನಮ್ಮ ಬಚ್ಚಲೊಲೆ ಇಟ್ಟಿಗೆ ಇದ್ದ ಹಾಗಿದೆ?"

"ಅದಕ್ಕೆ ಟೆರಾಕೋಟಾ ಅಂತಾರೆ ಅತ್ತೆ."

"ಹೂಂ, ಇಟ್ಟಿಗೆ ಅಂದ್ರೆ ಯಾರು ಕೊಳ್ತಾರೆ?"

ಆಗ ಮಂದಾಕಿನಿ ಕುಂಚವನ್ನು ಎತ್ತಿ, ದಿಕ್ಪಾಲಕರು ಬೆಚ್ಚುವಂತೆ ನುಡಿದಳು: "ಆ ಪಾರ್ಲರಿನವಳಿಗೆ ಬಣ್ಣ ಬೆರೆಸೋಕೇ ಬರಲ್ಲ ಅತ್ತೆ! ಪ್ರಮೀಳಕ್ಕನ ಮದುವೇಲಿ ಅವಳ ಕಣ್ಣಿಗೆ ಹಾಕಿದ್ದು ನೋಡಿದ್ರಲ್ಲ, ಗೋಡೆಗೆ ಸುಣ್ಣ ಹೊಡೆದ ಹಾಗಿತ್ತು. ನನ್ನ ಕೈಲಿ ಒಂದು ಬಣ್ಣ ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಯಾರಾದ್ರೂ ತೋರಿಸ್ಲಿ, ಈ ಬ್ರಷ್ ಮುರಿದು ಒಲೆಗೆ ಹಾಕ್ತೀನಿ!"

"ಪ್ರಮೀಳ ಚೆನ್ನಾಗೇ ಕಾಣ್ತಿದ್ಲಪ್ಪ."

"ನಿಮಗಾಗ ಪೊರೆ ಬಂದಿತ್ತು. ಸುಮ್ನೆ ಕಣ್ಣು ಮುಚ್ಚಿ."

ಸಮರ ಮೊದಲಾಯಿತು. ರೆಪ್ಪೆಯ ಮೇಲಿನ ಮಡಿಕೆಯೆಂಬ ಕಣಿವೆಯಲ್ಲಿ ಇಟ್ಟಿಗೆಯ ಬಣ್ಣ ಬೀಡುಬಿಟ್ಟಿತು. ಹೊರಮೂಲೆಯ ಗಡಿಗೆ ಹಳೆಬೆಲ್ಲ ನುಗ್ಗಿತು. ಎರಡೂ ಸೇನೆಗಳ ನಡುವಿನ ಗೆರೆಯನ್ನು ಮೆತ್ತನೆಯ ಕುಂಚವು, ಅತ್ತಿತ್ತ ಓಡಾಡಿ ಬೀಗರನ್ನು ಒಂದು ಮಾಡುವ ಹಿರಿಯನಂತೆ, ತೀಡಿ ತೀಡಿ ಅಳಿಸಿತು. ಆದರೆ ರಣಭೂಮಿ ಅಲುಗತೊಡಗಿತು.

"ಅತ್ತೆ, ಹುಬ್ಬು ಯಾಕೆ ಕುಣಿಸ್ತೀರಾ?"

"ಸಹಸ್ರನಾಮ ಹೇಳ್ಕೋತಿದ್ದೀನಿ ಕಣೇ. ನಾಲಿಗೆ ಜತೆ ಹುಬ್ಬೂ ಹೇಳತ್ತೆ."

"ಎಲ್ಲೀವರೆಗೆ ಬಂತು?"

"ಮಾತಾಡ್ಸಿಬಿಟ್ಯಲ್ಲ, ಇನ್ನು ಮತ್ತೆ ಮೊದಲಿಂದ."

ಇಂತಹ ಭೂಕಂಪಗಳ ನಡುವೆಯೂ ಧೃತಿಗೆಡದೆ, ಕೊನೆಯ ಅಸ್ತ್ರವಾದ ಮಿನುಗುವ ತಾಮ್ರವನ್ನು ಉಂಗುರಬೆರಳಿನ ತುದಿಯಿಂದ ರೆಪ್ಪೆಗಳ ನಡುಮಧ್ಯಕ್ಕೆ ಒತ್ತಿ, ಮಂದಾಕಿನಿ ಹಿಂದೆ ಸರಿದು ನಿಂತಳು. ಏನೆಂದು ವರ್ಣಿಸಲಿ! ಮಾಲೇಕಲ್ಲು ಬೆಟ್ಟದ ಹಿಂದೆ ಮುಳುಗಬೇಕಾದ ಸೂರ್ಯನು ದಾರಿತಪ್ಪಿ, ಎರಡು ಪಾಲಾಗಿ, ವನಜಾಕ್ಷಮ್ಮನವರ ರೆಪ್ಪೆಗಳ ಮೇಲೆ ಮುಳುಗುತ್ತಿದ್ದನು. ಅತ್ತೆ ಕನ್ನಡಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. "ಅಯ್ಯೋ, ಏನವತಾರವೇ ಇದು," ಎಂದರು. ಆದರೆ ಕನ್ನಡಿಯನ್ನು ಕೆಳಗಿಡಲಿಲ್ಲ.

ಆ ಮುಹೂರ್ತದಲ್ಲಿ ದೇವರಮನೆಯ ಗಂಟೆ ಮೊಳಗಿತು. ಮಗಳ ಮಹಾಯುದ್ಧವನ್ನರಿಯದ ಕೇಶವಮೂರ್ತಿಗಳು ಸಂಜೆಯ ಪೂಜೆ ಮುಗಿಸಿ, ಕರ್ಪೂರ ಉರಿಯುವ ತಟ್ಟೆ ಹಿಡಿದು ಹೊರಬಂದರು.

"ವನಜೂ, ಮಂಗಳಾರತಿ ತಗೋ."

"ಅತ್ತೇ, ಬೇ..."

ಮಂದಾಕಿನಿಯ ಕೂಗು ಅರ್ಧದಲ್ಲೇ ಉಳಿಯಿತು. ನುಡಿ ಕಲಿಯುವುದಕ್ಕೂ ಮುನ್ನ ತಾಯಿಯ ಸೊಂಟದ ಮೇಲೆ ಕುಳಿತು ಕಲಿತ ವಿದ್ಯೆಯನ್ನು ಯಾರು ತಡೆದಾರು? ವನಜಾಕ್ಷಮ್ಮನವರು ಎರಡೂ ಅಂಗೈಗಳನ್ನು ಜ್ವಾಲೆಯ ಮೇಲಿಟ್ಟು, ಪರಮಭಕ್ತಿಯಿಂದ, ಗಟ್ಟಿಯಾಗಿ, ಕಣ್ಣಿಗೊತ್ತಿಕೊಂಡರು. ಸಾಲದೆಂಬಂತೆ ಅಲ್ಲಿಂದ ನೆತ್ತಿಯವರೆಗೂ ಸವರಿಕೊಂಡರು.

ಸೂರ್ಯರಿಬ್ಬರೂ ಹುಬ್ಬು ಹತ್ತಿ, ಹಣೆಗೆ ಹರಡಿ, ಕೆನ್ನೆಗಿಳಿದು ನಾಶವಾದರು.

"ಅತ್ತೆ! ಏನು ಮಾಡಿದ್ರಿ!"

"ದೇವರ ದೀಪ ಕಣೇ, ಬೇಡ ಅನ್ನಕ್ಕಾಗತ್ತಾ? ಕೈ ತಾನೇ ಹೋಯ್ತು."

"ನಾನೂ ನೋಡ್ತಾನೇ ಇದ್ದೆ," ಎಂದರು ಕೇಶವಮೂರ್ತಿಗಳು, "ಇವಳಿಗ್ಯಾಕೆ ಇವತ್ತು ಇಷ್ಟು ಭಕ್ತಿ ಅಂತ. ಮುಖವೆಲ್ಲ ಕೆಂಪಾಗಿತ್ತು."

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ನ್ಯಾಯನಿರ್ಣಾಯಕಿ ಇಂದುಶ್ರೀ ಬಾಗಿಲಿಗೆ ಬಂದು, ಅತ್ತೆಯ ಮುಖ ಕಂಡವಳೇ ದುಪಟ್ಟಾದಿಂದ ಕಣ್ಣು ಮುಚ್ಚಿಕೊಂಡು ಗೋಡೆಗೆ ತಿರುಗಿದಳು.

"ಅಯ್ಯಯ್ಯೋ, ಮದ್ರಾಸ್ ಐ! ಮದುವೆ ಇಟ್ಕೊಂಡು ನನ್ನನ್ಯಾಕೆ ಕರೆಸಿದ್ಯೇ?"

"ಅದು ಐ ಶ್ಯಾಡೋ ಕಣೇ! ತಿರುಗಿ ನೋಡು!"

"ನೋಡಿದ್ರೇ ಬರತ್ತಂತೆ, ನಾನು ನೋಡಲ್ಲ!"

ಯಾರ ತೀರ್ಪಿಗಾಗಿ ಈ ಸಮಸ್ತ ಸಮರವೋ, ಅವಳೇ ಗೋಡೆಯ ಕ್ಯಾಲೆಂಡರಿಗೆ ಮುಖವೊಡ್ಡಿ ನಿಂತಳು. ಮಂದಾಕಿನಿ ಬೇಡಿದಳು, ಆಣೆಯಿಟ್ಟಳು, ಕೊನೆಗೆ ಕುರ್ಚಿಯಲ್ಲಿ ಕುಸಿದಳು. ವನಜಾಕ್ಷಮ್ಮನವರು ಬಚ್ಚಲಿಗೆ ಹೋಗಿ, ಕೊಬ್ಬರಿಎಣ್ಣೆ ಹಚ್ಚಿ, ಕಡಲೆಹಿಟ್ಟಿನಲ್ಲಿ ತಿಕ್ಕಿ ತೊಳೆದು, ಎಂದಿನ ಮುಖದೊಂದಿಗೆ ಹೊರಬಂದರು.

"ನೋಡೇ ಇಂದು, ಕಣ್ಣಲ್ಲಿ ಏನಿದೆ? ಏನೂ ಇಲ್ಲ. ಎಷ್ಟು ಚೆನ್ನಾಗಿ ಹಾಕಿದ್ಲು ಗೊತ್ತಾ. ನಾನೇ ಹಾಳು ಮಾಡ್ದೆ."

ಇಂದುಶ್ರೀ ದುಪಟ್ಟಾ ಸರಿಸಿ, ಅನುಮಾನದಿಂದ ಇಣುಕಿ, ನಡೆದದ್ದನ್ನೆಲ್ಲ ಕೇಳಿ, ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಬಣ್ಣಗಿಣ್ಣ ಬೇಡ ಕಣೇ ಮಂದೂ, ಭಯವಾಗತ್ತೆ. ಕಾಡಿಗೆ ಹಚ್ಚು. ಪಾರ್ಲರಿನವಳು ತಲೆ ಮಾತ್ರ ಬಾಚ್ಲಿ, ಕಣ್ಣು ನಿನ್ದೇ," ಎಂದಳು.

ಇಂತು ಹೊಂಬಣ್ಣದ ಚತುರಂಗಸೇನೆ ಡಬ್ಬಿಯೊಳಗೆ ಹಿಂದಿರುಗಿತು. ಸೂರ್ಯದ್ವಯನಿರ್ಮಾತ್ರಿ ಮಂದಾಕಿನಿ ಬೆರಳುದ್ದದ ಕಾಡಿಗೆ ಕಡ್ಡಿ ಹಿಡಿದು, ಉಸಿರು ಬಿಗಿಹಿಡಿದು, ಇಂದುಶ್ರೀಯ ಕಣ್ಣಿಗೆ ಅಲ್ಲೇ ಒಮ್ಮೆ ಹಚ್ಚಿ ನೋಡಿದಳು. ಬಲಗಣ್ಣು ಸರಿಯಾಗಿ ಬಂತು. ಎಡಗಣ್ಣಿಗೆ ತುಸು ದಪ್ಪವಾಯಿತು.

"ಇರ್ಲಿ ಬಿಡೇ," ಎಂದಳು ಇಂದುಶ್ರೀ. "ಫೋಟೋಗೆ ನಾನು ಬಲಗಣ್ಣೇ ತೋರಿಸ್ತೀನಿ."